ಡ್ರಾಪ್ಸ್ ಬಿಡಬೇಡಿ

ಮೊನ್ನೆ ಫ್ರಿಜ್ಜಿನ ಬಾಗಿಲು ತೆರೆದಾಗ ಅತ್ತೆಯ ಕಣ್ಣಿನ ಡ್ರಾಪ್ಸ್ ಬಾಟಲಿ ಉರುಳಿ ಕೆಳಗೆ ಬಿತ್ತು. ಎತ್ತಿಡುವಾಗ ಓನರ್ ಆಂಟಿ ನೆನಪಾದರು... ಬನಶಂಕರಿಯ ಆ ಮನೆಯಲ್ಲಿ ಕೆಳಗೆ ಅವರು, ಮೇಲೆ ಬಾಡಿಗೆಗೆ ನಾವು.

ಅನುಮಾನ ಅವರ ಹುಟ್ಟುಗುಣ. ಹಾಲಿನವನು ನೀರು ಬೆರೆಸುತ್ತಾನೆ, ತರಕಾರಿಯವನ ತಕ್ಕಡಿ ಸರಿಯಿಲ್ಲ, ಮೇಲಿನವರು ಕದ್ದು ಮೋಟಾರ್ ಹಾಕುತ್ತಾರೆ. ನಮ್ಮ ಮನೆಗೆ ನೆಂಟರು ಬಂದರೆ ಮೆಟ್ಟಿಲ ಬಳಿ ನಿಂತು ಚಪ್ಪಲಿ ಎಣಿಸುತ್ತಿದ್ದರು. ನೋಡಲು ಬಂದ ಗಂಡುಗಳ ಮೇಲೆಲ್ಲ ಅನುಮಾನಪಟ್ಟೇ ಮದುವೆ ತಪ್ಪಿತು ಎಂದು ಅವರೇ ನಗುತ್ತಿದ್ದರು. ನನಗೆ ಎಷ್ಟೋ ಸಲ ಮೈಯೆಲ್ಲ ಉರಿದದ್ದುಂಟು. ಆದರೂ ಒಬ್ಬಟ್ಟು ಮಾಡಿದ ದಿನ ಮೊದಲ ತಟ್ಟೆ ಮೇಲಕ್ಕೇ ಬರುತ್ತಿತ್ತು.

ಒಂದು ಬೆಳಿಗ್ಗೆ ಕುಂಕುಮ ಇಟ್ಟುಕೊಳ್ಳುವಾಗ, ಎಡಗಣ್ಣಿನ ಪಾಪೆ ನಡುವಿನಲ್ಲಿಲ್ಲ ಎಂದು ಅವರಿಗೆ ಕಂಡಿತು. ಮೊದಲು ಅನುಮಾನ ಬಂದದ್ದು ಕನ್ನಡಿಯ ಮೇಲೆ. ಮೇಲಕ್ಕೆ ಬಂದು ನಮ್ಮ ಕನ್ನಡಿಯಲ್ಲೂ ನೋಡಿದರು. ಪಾಪೆ ಮೂಗಿನ ಕಡೆ ಸರಿದು ಹುಣಸೆಬೀಜದ ಹಾಗೆ ಸೊಟ್ಟಗಾಗಿತ್ತು. ಬೆಳಗಿನ ಹೊತ್ತು ಆ ಕಣ್ಣು ಮಂಜಾಗುತ್ತದೆ ಎಂದೂ ಆಗ ಬಾಯಿಬಿಟ್ಟರು. ಒತ್ತಾಯ ಮಾಡಿ ಜಯನಗರದ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ.

ಇದು ಅಪರೂಪದ ಕಾಯಿಲೆ, ಸಾಮಾನ್ಯವಾಗಿ ಒಂದೇ ಕಣ್ಣಿಗೆ ಬರುತ್ತದೆ ಎಂದರು ಡಾಕ್ಟರು. ಕಣ್ಣಿನ ಮುಂದಿನ ಪಾರದರ್ಶಕ ಪೊರೆ ಕಾರ್ನಿಯಾದ ಒಳಪದರ ಹರಡಿಕೊಂಡು, ಪಾಪೆಯ ಸುತ್ತಲಿನ ಬಣ್ಣದ ಪರದೆಯನ್ನು, ಅಂದರೆ ಐರಿಸನ್ನು, ಎಳೆಯುತ್ತಿದೆ. ಕಣ್ಣೊಳಗಿನ ನೀರು ಹೊರಹೋಗುವ ದಾರಿಯನ್ನೂ ಮುಚ್ಚುತ್ತಿದೆ. ಒತ್ತಡ ಏರಿದರೆ ಗ್ಲಾಕೋಮಾ ಆಗಿ ನರ ಸಾಯುತ್ತದೆ. ಹೋದ ದೃಷ್ಟಿ ತಿರುಗಿ ಬರುವುದಿಲ್ಲ. ಬೆಳಿಗ್ಗೆ ಸಂಜೆ ಹಾಕಲು ಡ್ರಾಪ್ಸ್ ಬರೆದುಕೊಟ್ಟರು.

"ನೋವೇ ಇಲ್ಲ, ಕಾಯಿಲೆ ಎಲ್ಲಿಂದ ಬಂತು? ಔಷಧಿ ಮಾರೋಕೆ ಕಥೆ ಕಟ್ತಾರೆ ಕಣಮ್ಮ," ಎಂದು ಆಂಟಿ ದಾರಿಯುದ್ದಕ್ಕೂ ಗೊಣಗಿದರು. ಆದರೆ ಹೆದರಿಕೆಗೆ ಡ್ರಾಪ್ಸ್ ಹಾಕಿಕೊಂಡರು.

ಎರಡನೆಯ ಸಲ ಅವರೊಬ್ಬರೇ ತೋರಿಸಿಕೊಂಡು ಬಂದರು. "ಪ್ರೆಶರ್ ಇಳಿದಿದೆಯಂತೆ. ಡ್ರಾಪ್ಸ್ ಮಾತ್ರ ಬಿಡಬೇಡಿ ಅಂದ್ರು."

"ಹಾಗಾದ್ರೆ ಬಿಡಲೇಬೇಡಿ ಆಂಟಿ," ಅಂದೆ.

ನಿಲ್ಲಿಸಬೇಡಿ ಎಂದು ನನ್ನ ಅರ್ಥ. ಕಣ್ಣಿಗೆ ಬಿಡಬೇಡಿ ಎಂದು ಅವರ ಅರ್ಥ. ಎರಡಕ್ಕೂ ನಮ್ಮಲ್ಲಿ ಇರುವುದು ಒಂದೇ ಮಾತು... ಔಷಧಿ ಬೇಡವೆಂದು ಮೊದಲೇ ಅನ್ನಿಸಿದ್ದ ಕಿವಿಗೆ ಬೇಕಾದದ್ದೇ ಕೇಳಿಸಿತು.

ಕೆಲವು ವಾರಗಳ ಮೇಲೆ, ಡ್ರಾಪ್ಸ್ ಮುಗಿದಿರಬೇಕಲ್ಲ ಎಂದು ಮೆಡಿಕಲ್ ಶಾಪಿನವನು ವಿಚಾರಿಸಿದನಂತೆ. ಅಂದಿನಿಂದ ಅವನೂ ಕಳ್ಳನಾದ. "ಬೇಡದ್ದನ್ನ ತಗುಲಿಸ್ತಾನೆ, ಅವನ ಹತ್ರ ಹೋಗ್ಬೇಡ," ಎಂದರು. ಇವರದು ಇದ್ದದ್ದೇ ಎಂದು ನಾನು ನಕ್ಕು ಮೇಲೆ ಹೋದೆ.

ಏಳೆಂಟು ತಿಂಗಳ ಮೇಲೊಂದು ದಿನ ಆಂಟಿಯ ಎಡಭುಜ ಗೇಟಿಗೆ ಬಡಿಯಿತು. ಮರುದಿನವೂ ಬಡಿಯಿತು. ಗೇಟನ್ನು ಯಾರೋ ಈಚೆಗೆ ಸರಿಸಿದ್ದಾರೆ ಎಂದು ನನ್ನ ಗಂಡನನ್ನೇ ವಿಚಾರಣೆ ಮಾಡಿದರು. ಎಡಗಣ್ಣು ಕಾಣುತ್ತಿಲ್ಲವೇನೋ ಎಂದು ನನಗೆ ಹೊಳೆಯಿತು. ಅಂದೇ ಜಯನಗರಕ್ಕೆ ಹೊರಟೆವು.

ಪರೀಕ್ಷೆ ಮಾಡಿದ ಡಾಕ್ಟರು, "ಯಾಕಮ್ಮ ಡ್ರಾಪ್ಸ್ ಬಿಟ್ರಿ?" ಎಂದರು.

"ನಾನೆಲ್ಲಿ ಬಿಟ್ಟೆ? ನೀವು ಬಿಡಬೇಡಿ ಅಂದ ದಿನದಿಂದ ಒಂದು ತೊಟ್ಟೂ ಬಿಟ್ಟಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. ನಗುವ ಮಾತು, ಆದರೆ ಯಾರೂ ನಗಲಿಲ್ಲ. ಎಡಗಣ್ಣಿನ ನರ ಆಗಲೇ ಬಹುಪಾಲು ಸತ್ತಿತ್ತು.

ಅದಾದ ಮೇಲೆ ಆಂಟಿ ಒಬ್ಬರೇ ಹೊರಗೆ ಹೋಗಲಿಲ್ಲ. ನನ್ನನ್ನು ಎಡಕ್ಕೆ ನಿಲ್ಲಿಸಿಕೊಂಡು ತೋಳು ಹಿಡಿಯುತ್ತಿದ್ದರು. "ಬಸ್ಸು ಬರ್ತಿದೆ, ನಿಲ್ಲಿ," ಅಂದರೆ ನಿಲ್ಲುವರು. "ಬನ್ನಿ," ಅಂದರೆ ಬರುವರು. ಒಮ್ಮೆಯೂ ಕತ್ತು ತಿರುಗಿಸಿ ಪರೀಕ್ಷೆ ಮಾಡಲಿಲ್ಲ. ಆ ನಂಬಿಕೆ ಕಂಡು ನನಗೆ ಸಂಕಟವಾಗುತ್ತಿತ್ತು.

ಈಗ ಅವರಿಲ್ಲ. ನಾವು ಅರೆಕೆರೆಗೆ ಬಂದಿದ್ದೇವೆ. ಅಷ್ಟು ಗೋಳು ಹೊಯ್ದುಕೊಂಡವರಿಗಾಗಿ ಇಷ್ಟು ಅಳು ಬರುತ್ತದೆ ಎಂದು ಗೊತ್ತಿರಲಿಲ್ಲ. ಬನ್ನೇರುಘಟ್ಟ ರಸ್ತೆ ದಾಟಲು ನಿಂತಾಗ, "ಬಸ್ಸು ಬರ್ತಿದೆ, ನಿಲ್ಲಿ," ಎಂದು ಬಾಯಿ ತಾನೇ ಹೇಳಿಬಿಡುತ್ತದೆ. ಬಲಗಡೆ ನಿಂತವರು ಯಾರೋ, ನನ್ನನ್ನು ಅನುಮಾನದಿಂದ ನೋಡುತ್ತಾರೆ.