ಏಳನೇ ಸಾಲಿನ ಕೈ

ನಮ್ಮ ಮನೆಯ ಹೊರಗಿನ ಕಬ್ಬಿಣದ ಮೆಟ್ಟಿಲುಗಳಲ್ಲಿ ನಾಲ್ಕನೆಯದು ಸಡಿಲ. ಯಾರು ಕಾಲಿಟ್ಟರೂ ಠಣ್ ಎನ್ನುತ್ತದೆ. ಹಾಲಿನವನದು ಅವಸರದ ಠಣ್. ಚಿಕ್ಕಮ್ಮನದು ಅರ್ಧ ಠಣ್, ಏಕೆಂದರೆ ಅವಳು ಅಂಚಿಗೆ ಕಾಲಿಡುತ್ತಾಳೆ. ಆ ಶನಿವಾರ ಸಂಜೆ ಠಣ್ ಎಂದದ್ದು ಕೇಳಿತು, ಆಮೇಲೆ ಐದನೆಯ ಮೆಟ್ಟಿಲಿನ ಸದ್ದು ಬರಲೇ ಇಲ್ಲ. ಬ್ರಷ್ ತೊಳೆಯುತ್ತಿದ್ದ ಚಿಕ್ಕಪ್ಪ ಕೈ ನಿಲ್ಲಿಸಿದ. ಯಾರೋ ಅಲ್ಲೇ ನಿಂತಿದ್ದರು. ಸ್ವಲ್ಪ ಹೊತ್ತಿಗೆ ಮತ್ತೊಂದು ಠಣ್. ಇಳಿದು ಹೋದರು.

“ಕದ್ದು ಕೇಳಿಸ್ಕೊಳ್ಳೋಕೆ ಬಂದಿದ್ರು,” ಎಂದ ಚಿಕ್ಕಪ್ಪ.

“ಏನನ್ನ? ನೀವು ಬ್ರಷ್ ತೊಳೆಯೋದನ್ನಾ?” ಎಂದಳು ಚಿಕ್ಕಮ್ಮ. ಆದರೆ ಎದ್ದು ಹೋಗಿ ಬಾಗಿಲಿನ ಚಿಲಕ ಹಾಕಿ ಬಂದಳು.

ಚಿಕ್ಕಪ್ಪ ಮೊದಲು ಅಂಗಡಿಗಳ ಬೋರ್ಡು ಬರೆಯುತ್ತಿದ್ದವನು. ಫ್ಲೆಕ್ಸ್ ಬಂದು ಆ ಕೆಲಸ ಕೈತಪ್ಪಿದಾಗ, ಕನ್ನಡಕದ ಫ್ರೇಮು ಮಾಡುವ ಕಾರ್ಖಾನೆಯ ಉಗ್ರಾಣದಲ್ಲಿ ಡಬ್ಬಿಗಳ ಮೇಲೆ ನಂಬರು ಬರೆಯಲು ಸೇರಿಕೊಂಡ. ಚಿಕ್ಕಮ್ಮ ಅದೇ ಕಾರ್ಖಾನೆಯ ಜೋಡಣೆ ವಿಭಾಗದಲ್ಲಿ ಏಳನೇ ಸಾಲಿನವಳು. ಸಾಸಿವೆಯಷ್ಟು ಸ್ಕ್ರೂ ತಿರುಗಿಸಿ ಕನ್ನಡಕಕ್ಕೆ ಕಾಲು ಕೂಡಿಸುವುದು ಅವಳ ಕೆಲಸ. ಒಮ್ಮೆ ತೊಟ್ಟಿಯಲ್ಲಿ ಎಂಜಲು ಲೋಟಗಳು ಗುಡ್ಡೆ ಬಿದ್ದಿವೆಯೆಂದು ಮ್ಯಾನೇಜರು ಕೂಗಾಡಿದಾಗ, ಚಿಕ್ಕಪ್ಪ ರಟ್ಟಿನ ಮೇಲೆ ಅಳುವ ಲೋಟವೊಂದನ್ನು ಬರೆದು ತೂಗುಹಾಕಿದ. ‘ಬಿಟ್ಟು ಹೋಗ್ಬೇಡಿ, ಸ್ನಾನ ಮಾಡಿಸಿ’ ಎಂದು ಲೋಟ ಬೇಡುತ್ತಿತ್ತು. ಮರುದಿನ ತೊಟ್ಟಿ ಖಾಲಿ. ಅಂದಿನಿಂದ ಸಾಲು ಮುರಿಯುವವರಿಗೆ, ಚಾಡಿ ಹೇಳುವವರಿಗೆ, ಗೆಳೆಯನ ಹಾಜರಿ ತಾನೇ ಒತ್ತುವವರಿಗೆ, ಎಲ್ಲರಿಗೂ ಅವನದೇ ಪೋಸ್ಟರು. ಚಾಡಿಯ ಪೋಸ್ಟರಿನಲ್ಲಿ ಒಂದು ಕಿವಿ ಮೊರದಷ್ಟು ಅಗಲವಿತ್ತು. ಜನ ಅದರ ಪಕ್ಕದಲ್ಲೇ ನಿಂತು ಚಾಡಿ ಹೇಳಿ ನಗುತ್ತಿದ್ದರಂತೆ.

“ಬಾಗಿಲಿಂದ ಹಾಜರಿ ಯಂತ್ರಕ್ಕೆ ನಾಲ್ಕು ಹೆಜ್ಜೆ, ಪುಟ್ಟಿ,” ಎಂದು ನನಗೆ ಹೇಳುತ್ತಿದ್ದ. “ಮೊದಲ್ನೇದ್ರಲ್ಲಿ ಕಣ್ಣು ಬೀಳ್ಬೇಕು. ಎರಡನೇದ್ರಲ್ಲಿ ಅರ್ಥ ಆಗ್ಬೇಕು. ಮೂರನೇದ್ರಲ್ಲಿ ನಗು ಬರ್ಬೇಕು, ನಾಲ್ಕನೇದ್ರಲ್ಲಿ ನಾಚಿಕೆ.” ಕೆಂಪು ಬಣ್ಣ ಒಂದೇ ಕಡೆ ಇರಬೇಕು, ಎರಡು ಕಡೆ ಇಟ್ಟರೆ ಕಣ್ಣು ಜಗಳಕ್ಕೆ ಬೀಳುತ್ತದೆ ಎನ್ನುವುದು ಅವನ ನಿಯಮ.

ಅವನಿಗೆ ಒಂದು ಬಾರದು. ಮುಖವನ್ನು ಮನಸ್ಸಿನಿಂದಲೇ ತೆಗೆಯುತ್ತಿದ್ದ, ಕೈ ಮಾತ್ರ ಎದುರಿಗೇ ಇರಬೇಕು. ಹಾಗಾಗಿ ಚಿಕ್ಕಮ್ಮ ಬಲಗೈಯಲ್ಲಿ ಒಲೆಯ ಮೇಲಿನದನ್ನು ತಿರುವುತ್ತ, ಎಡಗೈಯನ್ನು ಅವನತ್ತ ಚಾಚಿ ನಿಲ್ಲುತ್ತಿದ್ದಳು. “ಬೇಗ ಮುಗಿಸಿ, ಜೋಮು ಹಿಡೀತು” ಎನ್ನುವಳು. ಕಾರ್ಖಾನೆಯ ಗೋಡೆಗಳ ಮೇಲೆ ಗಂಡಸರದು, ಹೆಂಗಸರದು, ಕಾವಲುಗಾರನದು ಎಂದು ಇದ್ದ ಅಷ್ಟೂ ಕೈಗಳು ಅವಳವೇ. ಅದು ಯಾರ ಗಮನಕ್ಕೂ ಬಂದಿಲ್ಲ ಎಂದೇ ನಾವು ತಿಳಿದಿದ್ದೆವು.

ಅಲ್ಲಿ ಪ್ರತಿ ಸಾಲಿಗೂ ಉಪಕರಣಗಳನ್ನು ತೂಗುಹಾಕುವ ಒಂದು ಹಲಗೆ. ಒಂದೊಂದರ ಆಕಾರವನ್ನೂ ಹಲಗೆಯ ಮೇಲೆ ಕಪ್ಪಿನಲ್ಲಿ ಬರೆದಿರುತ್ತಾರೆ. ಬರೆದವನೂ ಚಿಕ್ಕಪ್ಪನೇ. ಉಪಕರಣ ಇಲ್ಲದಿದ್ದರೆ ಬರೀ ಕಪ್ಪು ಆಕಾರ ನೋಡುವವರನ್ನೇ ದಿಟ್ಟಿಸುತ್ತದೆ. ಆರು ತಿಂಗಳಿಗೊಮ್ಮೆ ನಡೆಯುವ ತಪಾಸಣೆ ಹೋದ ತಿಂಗಳು ಬಂದಾಗ ಏಳನೇ ಸಾಲಿನ ಒಂದು ಆಕಾರ ಖಾಲಿಯೇ ಉಳಿಯಿತು. ಕೆಂಪು ಹಿಡಿಯ ಚಿಕ್ಕ ಸ್ಕ್ರೂಡ್ರೈವರ್.

ಮ್ಯಾನೇಜರು ಚಿಕ್ಕಪ್ಪನನ್ನು ಕರೆಸಿ, “ಈ ಸಲ ನಗು ಬೇಡ. ನೋಡಿದೋರ ಎದೆ ಧಸಕ್ ಅನ್ಬೇಕು,” ಎಂದರು.

ಚಿಕ್ಕಪ್ಪ ಬರೆದ. ಕಡುಗಪ್ಪು ಹಿನ್ನೆಲೆ, ಕೆಲಸದ ಅಂಗಿಯ ಜೇಬಿಗೆ ಇಳಿಯುತ್ತಿರುವ ಒಂದು ಕೈ, ಬೆರಳುಗಳ ನಡುವೆ ಕೆಂಪು ಹಿಡಿ. ಕೆಳಗೆ, ‘ಇದರ ಜಾಗ ಇದಲ್ಲ.’ ಅವನ ಕೈಯಿಂದ ಬಂದವುಗಳಲ್ಲೇ ಒಳ್ಳೆಯದು ಅದು. ನೋಡಿದಾಗ ನನಗೂ ಎದೆ ಧಸಕ್ಕೆಂದಿತ್ತು.

ಅವನು ಒಂದನ್ನು ಮರೆತಿದ್ದ. ಅಲ್ಲಿನವರು ಫ್ರೇಮಿನ ಮೇಲಿನ ಕೂದಲೆಳೆಯಷ್ಟು ಗೀರನ್ನು ಹಿಡಿಯುವವರು, ದಿನಕ್ಕೆ ಎಂಟು ಗಂಟೆ ಅದೇ ಕೆಲಸ. ತಪಾಸಣೆ ವಿಭಾಗದಲ್ಲಿ ಒಬ್ಬಳಿಗೆ ಭೂತಗನ್ನಡಿ ಎಂದೇ ಅಡ್ಡಹೆಸರು. ಅವಳು ಪೋಸ್ಟರಿನ ಮುಂದೆ ಟೀ ಬಿಡುವಿನ ಅಷ್ಟೂ ಹೊತ್ತು ನಿಂತಳಂತೆ.

“ಕೈ ಯಾರದು ಅಂತ ಬೇರೆ ಹೇಳ್ಬೇಕಾ?” ಎಂದಳಂತೆ. “ಮಣಿಕಟ್ಟಿನ ಮೇಲೆ ಅರ್ಧಚಂದ್ರ, ಸುಟ್ಟ ಗಾಯ, ನೋಡ್ರೇ. ಹಿಡೀನೂ ನೋಡಿ, ಮೂಲೆ ಮುಕ್ಕಾಗಿದೆ. ಕಳೆದುಹೋದದ್ದೂ ಹಾಗೇ ಮುಕ್ಕಾದದ್ದೇ. ಗಂಡನೇ ಚಿತ್ರ ಬರೆದು ಕೊಟ್ಟಿದಾನೆ, ಇನ್ಯಾವ ಸಾಕ್ಷಿ ಬೇಕು?”

ಅಂದಿನಿಂದ ಅರ್ಧ ಜನ ಚಿಕ್ಕಮ್ಮ ಕದ್ದಳೆಂದರು, ಇನ್ನರ್ಧ ಜನ ಚಿಕ್ಕಪ್ಪ ಮ್ಯಾನೇಜರ ಗೂಢಚಾರ ಎಂದರು. ಟೀ ಹೊತ್ತಿಗೆ ಇಬ್ಬರ ಪಕ್ಕದಲ್ಲೂ ಯಾರೂ ಕೂರಲಿಲ್ಲ. ಶನಿವಾರ ಮ್ಯಾನೇಜರು ಚಿಕ್ಕಮ್ಮನನ್ನು ಕರೆದು ಹೇಳಿದರು, ಸೋಮವಾರ ಹತ್ತು ಗಂಟೆಗೆ ಕೊಠಡಿಗೆ ಬಂದು ಉತ್ತರ ಕೊಡಬೇಕು, ಇಲ್ಲವೆಂದರೆ ಗುರುತಿನ ಚೀಟಿ ಮೇಜಿನ ಮೇಲಿಟ್ಟು ಮನೆಗೆ ಹೋಗಬೇಕು. ಹನ್ನೊಂದು ವರ್ಷದ ಕೆಲಸ. ಆ ಸಂಜೆಯೇ ಮೆಟ್ಟಿಲ ಮೇಲೆ ಯಾರೋ ನಿಂತು ಹೋದದ್ದು.

ಭಾನುವಾರ ಬೆಳಿಗ್ಗೆ ಚಿಕ್ಕಪ್ಪ ದಾರ ಹುಡುಕುತ್ತ ಅಡುಗೆಮನೆಯ ಡ್ರಾಯರು ಎಳೆದ. ಎಳೆದವನು ಹಾಗೇ ನಿಂತ. ಮುಚ್ಚಿದ. ಮತ್ತೆ ಎಳೆದ. ಸವೆದ ಬ್ಯಾಟರಿಗಳ ಕೆಳಗೆ ಕೆಂಪು ಹಿಡಿ, ಮೂಲೆ ಮುಕ್ಕು. ಮೇಜಿನ ಬಳಿ ಕೂತಿದ್ದ ನನಗೂ ಕಂಡಿತು. ಕಾಣದವಳಂತೆ ಪುಸ್ತಕದ ಹಾಳೆ ಮಗುಚಿದೆ.

ಆ ದಿನವೆಲ್ಲ ಅವನು ಅವಳ ಕೈ ನೋಡಿದ. ಬಟ್ಟೆ ಹಿಂಡುವಾಗ, ಜಡೆ ಹಾಕಿಕೊಳ್ಳುವಾಗ. ಎಷ್ಟೋ ವರ್ಷ ಅದೇ ಕೈಯನ್ನು ನೋಡಿ ನೋಡಿ ಬರೆದವನು, ಅಂದು ಬೇರೆ ಥರ ನೋಡಿದ. ಮಧ್ಯಾಹ್ನ ಮೆಲ್ಲಗೆ, “ಆ ಡ್ರಾಯರಲ್ಲಿ ಏನೇನಿದೆ?” ಎಂದ.

“ದಾರ, ಕತ್ತರಿ, ಹಳೇ ಬ್ಯಾಟರಿ.” ಅವಳು ತಿರುಗಲಿಲ್ಲ. “ನೆಟ್ಟಗೆ ಕೇಳಿ ರೀ. ಇಡೀ ಕಾರ್ಖಾನೆ ಕೇಳಾಯ್ತು, ನೀವೊಬ್ರು ಬಾಕಿ ಇದ್ರಿ.”

ಅವನು ಸ್ಕ್ರೂಡ್ರೈವರನ್ನು ತಂದು ಮೇಜಿನ ಮೇಲಿಟ್ಟ. ಅವಳು ಬೆಚ್ಚಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಎದುರಿಗೆ ಬಂದು ಕೂತಳು.

“ಇದು ನಿಮ್ಮ ಪೆನ್ಸಿಲ್ ಡಬ್ಬೀ ತಳದಲ್ಲಿತ್ತು. ಎರಡು ವಾರದ ಹಿಂದೆ ಪುಟ್ಟಿ ಕನ್ನಡಕದ ಕಾಲು ಅಲ್ಲಾಡ್ತಿತ್ತು, ಏನಾದ್ರೂ ಮೊನಚಾದ್ದು ಸಿಗುತ್ತಾ ಅಂತ ಹುಡುಕ್ದಾಗ ಸಿಕ್ತು. ನೋಡಿದ ತಕ್ಷಣ ಗುರುತು ಸಿಕ್ಕಿತು. ನೀವೇ ತಂದಿದೀರಿ ಅಂದ್ಕೊಂಡೆ. ವಾಪಸ್ ಒಯ್ಯೋಣ ಅಂದ್ರೆ ಈಗ ಗೇಟಲ್ಲಿ ಚೀಲ ಜಾಲಾಡ್ತಾರೆ. ಬಾಯಿ ಮುಚ್ಕೊಂಡು ಇಲ್ಲಿ ಬಚ್ಚಿಟ್ಟೆ.” ಸ್ಕ್ರೂಡ್ರೈವರನ್ನು ಅವನತ್ತ ಸರಿಸಿದಳು. “ಆಮೇಲೆ ನೀವು ನನ್ನ ಕೈಲಿ ಇದನ್ನಿಟ್ಟು ಪೋಸ್ಟರ್ ಬರೆದ್ರಿ. ಅದಕ್ಕೇನು ಅರ್ಥ ಅಂತ ನಾನು ಎಷ್ಟು ಸಲ ಯೋಚಿಸಿರ್ಬೇಕು, ಹೇಳಿ.”

ಆ ಹೊತ್ತಿಗೆ ಮನೆಯೊಳಗೆ ಇಬ್ಬರು ಕಳ್ಳರಿದ್ದರು, ಒಬ್ಬರ ಕಣ್ಣಿಗೆ ಇನ್ನೊಬ್ಬರು.

“ನಾನ್ಯಾಕೆ ತರ್ಲಿ?” ಎಂದ ಚಿಕ್ಕಪ್ಪ. ಮುಕ್ಕಾದ ಹಿಡಿಯನ್ನು ತಾನು ಎಲ್ಲಿಂದ ನೋಡಿ ಬರೆದೆ ಎಂದು ಅವನಿಗೂ ಆಗಲೇ ಹೊಳೆದಿರಬೇಕು. ಎದ್ದು ಹಳೆಯ ರೇಖಾಚಿತ್ರಗಳ ಪುಸ್ತಕ ತೆಗೆದ. ‘ಮೊನೆ ನಿಮ್ಮ ಕಡೆಗೆ ಬೇಡ’ ಎಂಬ ಪೋಸ್ಟರಿಗಾಗಿ ಐದು ತಿಂಗಳ ಹಿಂದೆ ಬರೆದ ಪುಟ. ಸ್ಕ್ರೂಡ್ರೈವರ್, ಮುಕ್ಕು ಸಮೇತ. ಹೊಸ ಪೋಸ್ಟರಿಗೆ ಅದನ್ನೇ ನಕಲು ಇಳಿಸಿದ್ದ. ಪುಟದ ಮೂಲೆಯಲ್ಲಿ ತಾರೀಖು, ಅದರ ಕೆಳಗೆ ಅವನದೇ ಅಕ್ಷರ: ‘ಮೇಸ್ತ್ರಿ ಕೊಟ್ಟ ಮಾದರಿ. ನಾಳೆ ವಾಪಸ್.’

ಏಳನೇ ಸಾಲಿನ ಆ ಮೇಸ್ತ್ರಿ ಅದೇ ವಾರ ನಿವೃತ್ತನಾಗಿ ಹೋಗಿದ್ದ. ಆ ನಾಳೆ ಬರಲೇ ಇಲ್ಲ.

“ನಾನೇ,” ಎಂದ ಚಿಕ್ಕಪ್ಪ. ಪುಸ್ತಕವನ್ನು ಅವಳ ಕಡೆ ತಿರುಗಿಸಿದ. ಅವಳು ಓದಿ, ಪುಸ್ತಕ ಮುಚ್ಚಿ ಎದ್ದಳು.

ಸಂಜೆ ಅವನು ಹೊಸ ರಟ್ಟು ಕತ್ತರಿಸಿದ. ಕೈ ಬರೆಯುವ ಹೊತ್ತಿಗೆ ಅಭ್ಯಾಸದಂತೆ ಒಲೆಯ ಕಡೆ ನೋಡಿದ. ಅವಳ ಎರಡೂ ಕೈ ಸೆರಗಿನೊಳಗಿದ್ದವು. ಆಗ ತನ್ನ ಎಡಗೈಯನ್ನೇ ಮೇಜಿನ ಮೇಲೆ ಹರಡಿಕೊಂಡ. ಉಗುರ ಸಂದಿಯ ನೀಲಿ, ಬೋರ್ಡು ಬಿದ್ದು ಚಪ್ಪಟೆಯಾದ ಹೆಬ್ಬೆರಳು. ಮೂರು ಸಲ ಅಳಿಸಿ ಬರೆದ. ಚಿತ್ರದಲ್ಲಿ ಆ ಕೈ ಸ್ಕ್ರೂಡ್ರೈವರನ್ನು ಹಲಗೆಯ ಕಪ್ಪು ಆಕಾರಕ್ಕೆ ಕೂಡಿಸುತ್ತಿತ್ತು. ಕೆಳಗೆ, ‘ತಂದವನು ನಾನು. ತಡವಾಯಿತು.’

ಸೋಮವಾರ ಬೆಳಿಗ್ಗೆ ಕಂಕುಳಲ್ಲಿ ರಟ್ಟು, ಕೈಯಲ್ಲಿ ಆ ಪುಸ್ತಕ. ಸ್ಕ್ರೂಡ್ರೈವರನ್ನು ಅಂಗಿಯ ಮೇಲುಜೇಬಿನಲ್ಲಿ, ಎಲ್ಲರಿಗೂ ಕಾಣುವಂತೆ ಸಿಕ್ಕಿಸಿಕೊಂಡಿದ್ದ. ಚಿಕ್ಕಮ್ಮ ಬಾಗಿಲಲ್ಲಿ ನಿಂತಳು.

“ಹೆಂಡ್ತೀನ ಬಚಾವ್ ಮಾಡೋಕೆ ತನ್ನ ತಲೆ ಮೇಲೆ ಹಾಕ್ಕೊಂಡ ಅಂತಾರೆ, ಅಷ್ಟೇ. ಆ ಭೂತಗನ್ನಡಿ ನಂಬ್ತಾಳಾ?”

“ತಾರೀಖಿದೆಯಲ್ಲ. ಕಣ್ಣಿಗೊತ್ಕೊಂಡು ನೋಡ್ಲಿ.”

“ತಾರೀಖು ಯಾರ್ ಬೇಕಾದ್ರೂ ಬರ್ಕೋಬಹುದು.” ಅವಳ ದನಿ ತಗ್ಗಿತು. “ಅವರದ್ದಿರ್ಲಿ. ನಿನ್ನೆ ಪೂರ್ತಿ ನನ್ನ ಕೈನೇ ನೋಡಿದ್ರಲ್ಲ. ಅದಕ್ಕೆ ಯಾವ ಪೋಸ್ಟರ್ ಬರೀತೀರಿ?”

ಚಿಕ್ಕಪ್ಪ ಮೇಲಿನ ಮೆಟ್ಟಿಲ ಮೇಲೆ ನಿಂತ. ರಟ್ಟಿನ ದಾರ ಬಿಗಿಯಾಗಿಯೇ ಇತ್ತು, ಆದರೂ ಮತ್ತೊಮ್ಮೆ ಬಿಗಿದ.

“ಅದಕ್ಕೆ ಉತ್ತರ ಸಂಜೆ ಹೇಳ್ತೀನಿ,” ಎನ್ನುತ್ತ ತಿರುಗಿ ನೋಡದೆ ಇಳಿಯತೊಡಗಿದ. “ಮೊದಲು ಇದನ್ನ ಅದರ ಜಾಗಕ್ಕೆ ತೂಗುಹಾಕಿ, ಎಲ್ರೂ ನಿಂತಿರೋವಾಗ್ಲೇ ನಾನು…” ಠಣ್ ಎಂದಿತು ನಾಲ್ಕನೆಯ ಮೆಟ್ಟಿಲು, “…ಮ್ಯಾನೇಜರ ಹತ್ರ ಹೋಗಿ, ಅವಳ ಕೈ ಅಲ್ಲ ಸ್ವಾಮಿ, ಅದನ್ನ ತಂದಿದ್ದು ನನ್ನ ಕೈ ಅಂತೀನಿ.”