ಹನ್ನೆರಡು ಚೀಟಿ, ಮೂವತ್ತಾರನೇ ಚಾನೆಲ್

ಡಂಡೀ ಊರಿನ ಎಫಿ ಲಾಮಂಟ್ ಮೂವತ್ತರ ಪ್ರಾಯದಲ್ಲಿ ಕಾರ್ಖಾನೆಯಲ್ಲಿ, ಟೀವಿಗೆ ಸಿಕ್ಕಿಸಿದರೆ ಮಾತ್ರ ಚಿತ್ರ ತೋರಿಸುವ ಪುಟ್ಟ ಕಂಪ್ಯೂಟರುಗಳಿಗೆ ಬೆಸುಗೆ ಹಾಕುತ್ತಿದ್ದಳು. ಒಂದು ದಿನ ಅವಳು ಬೆಸೆದ ಹನ್ನೆರಡು ಕಂಪ್ಯೂಟರುಗಳು 'ಚಿತ್ರವಿಲ್ಲ' ಎಂಬ ಚೀಟಿ ಹೊತ್ತು ತಪಾಸಣೆಯಿಂದ ಹಿಂದಿರುಗಿದವು. ನಿನ್ನ ಕೈ ನಡುಗುತ್ತದೆ ಎಂದು ಮೇಸ್ತ್ರಿ ಅವಳನ್ನು ಡಬ್ಬಿ ಕಟ್ಟುವ ಕೆಲಸಕ್ಕೆ ತಳ್ಳಿದ. ಅದನ್ನವಳು ನಂಬಿಯೇ ಬಿಟ್ಟಳು, ಪಾಪ! ಆಮೇಲೆ ಸೂಜಿಗೆ ದಾರ ಪೋಣಿಸಲೂ ಪಕ್ಕದ ಮನೆಯವರನ್ನು ಕರೆಯುತ್ತಿದ್ದಳು.

ಈಗ ಎಪ್ಪತ್ತೆರಡರ ಎಫಿ, ತಾನೇ ಬೆಸೆದು ಇಟ್ಟುಕೊಂಡಿದ್ದ ಒಂದೇ ಒಂದು ಕಂಪ್ಯೂಟರನ್ನು ಚರ್ಚಿನ ಸಭಾಂಗಣಕ್ಕೆ ತಂದು ಅಲ್ಲಿನ ಟೀವಿಗೆ ಸಿಕ್ಕಿಸಿದ್ದಳು. ಮೂರು ಗಂಟೆಗೆ ಹಳೆಯ ಕೆಲಸಗಾರ್ತಿಯರು ಸೇರುವವರಿದ್ದರು. ಅವರೆದುರು ಚಿತ್ರ ಬಂದರೆ ತನ್ನ ಕೈಗೆ ಅಂಟಿದ ಕೆಟ್ಟ ಹೆಸರು ತೊಳೆದುಹೋದೀತೆಂಬ ಆಸೆ. ಜೊತೆಗಿದ್ದವಳು ಗೆಳತಿ ನೆಟ್ಟಾ, ಆಗ ತಪಾಸಣೆಯ ಮೇಜಿನಲ್ಲಿ ಕೂರುತ್ತಿದ್ದ ನಾಲ್ವರಲ್ಲಿ ಒಬ್ಬಳು.

"ಲೇ ನೆಟ್ಟಾ, ಏನೇ ಇದು ಗ್ರಹಚಾರ? ಈ ಹೊಸ ಟೀವಿ ಅಡುಗೆ ಮಾಡೋರನ್ನ ತೋರಿಸ್ತು, ಉಂಗುರ ಮಾರೋರನ್ನ ತೋರಿಸ್ತು, ನನ್ನ ಕಂಪ್ಯೂಟರ್ ಮಾತ್ರ ಇಲ್ಲ!"

"ಸ್ವಿಚ್ ಹಾಕಿದೀಯೇನೇ?"

"ಇದಕ್ಕೆ ಸ್ವಿಚ್ಚೇ ಇಲ್ವಲ್ಲೇ ಮಾರಾಯ್ತಿ, ಮರ್ತ್ಯಾ?"

ವೈರು ಬದಲಿಸಿದರು. ಮುಚ್ಚಳ ಬಿಚ್ಚಿ ನೋಡಿದರು, ಬೆಸುಗೆಯೆಲ್ಲ ಫಳಫಳ. ಬೆಸುಗೆ ಸರಿ, ಟೀವಿಯೂ ಸರಿ, ಹಾಗಾದರೆ ಚಿತ್ರ ಎಲ್ಲಿ ಹೋಯಿತು? ಎಫಿಯ ತಲೆ ಮೊಸರುಗಡಿಗೆಯಾಯಿತು.

"ಬಿಡೇ, ನನ್ನ ಕೈಯದ್ದೇ ದೋಷ."

"ತಾಳು. ಇಲ್ಲಿ ರಿಮೋಟಲ್ಲಿ ಡಿಜಿಟಲ್ ಅಂತ ಒಂದಿದೆ, ಹಳೇ ಕಾಲದ ಅನಲಾಗ್ ಅಂತ ಇನ್ನೊಂದಿದೆ. ನಾವು ಮೊದಲನೇದ್ರಲ್ಲೇ ತಡಕಾಡ್ತಿದ್ದೀವಿ."

ಎರಡನೆಯದನ್ನು ಒತ್ತಿ, ಆಗೆಲ್ಲ ಈ ಕಂಪ್ಯೂಟರಿನ ಚಿತ್ರ ಬರುತ್ತಿದ್ದ ಮೂವತ್ತಾರನೇ ಚಾನೆಲ್ಲಿಗೆ ಹೋದರೆ, ಪರದೆ ಬೆಳ್ಳಗಾಗಿ ಕೆಳಗೆ ಒಂದು ಸಾಲು ಕಪ್ಪು ಅಕ್ಷರ!

"ಬಂತು ಕಣೇ! ಅಯ್ಯೋ, ಟೀವಿ ಬೇರೆ ಕಡೆ ಹುಡುಕ್ತಿತ್ತು ಅಷ್ಟೇ!" ಎಫಿ ಚಪ್ಪಾಳೆ ತಟ್ಟಿದಳು.

ನೆಟ್ಟಾ ನಗಲಿಲ್ಲ. "ಎಫಿ, ಆ ಹನ್ನೆರಡು ಮಧ್ಯಾಹ್ನ ಊಟ ಆದ್ಮೇಲೆ ತಪಾಸಣೆಗೆ ಬಂದಿದ್ವು. ಊಟದ ಹೊತ್ತಲ್ಲಿ ಗಂಡಸ್ರು ನನ್ನ ಮೇಜಿನ ಟೀವಿ ಗುಂಡಿ ತಿರುಗಿಸಿ ಕುದುರೆ ರೇಸು ನೋಡ್ತಿದ್ರು. ಆವತ್ತು ವಾಪಸ್ ಮೂವತ್ತಾರಕ್ಕೆ ತಿರುಗಿಸಿರ್ಲಿಲ್ಲ."

"ನಿನ್ನ ಮೇಜಾ?"

"ಚೀಟಿ ಬರೆದಿದ್ದು ನಾನೇ ಕಣೇ. ಸಾಯಂಕಾಲ ನಂಗೆ ಗೊತ್ತಾಯ್ತು. ಕೆಲಸ ಹೋಗುತ್ತೆ ಅಂತ ಹೆದರಿ ಬಾಯಿ ಬಿಡ್ಲಿಲ್ಲ."

ಎಫಿಗೆ ಅಳಬೇಕೋ, ಇವಳ ಕೆನ್ನೆಗೆರಡು ಬಾರಿಸಬೇಕೋ ತಿಳಿಯಲಿಲ್ಲ. ನಲವತ್ತು ವರ್ಷ ಇವಳ ಜೊತೆಗೇ ಕೂತು ಚಹಾ ಕುಡಿದಿದ್ದಳಲ್ಲ! ಹೊರಗೆ ಹೆಂಗಸರ ಮಾತು ಕೇಳಿಸಿತು.

"ಬಂದ್ರು ನೋಡು," ಎಂದಳು ಎಫಿ. "ಅವರ ಮುಂದೆ ಇದನ್ನ ನೀನೇ ಹೇಳು."