ಪೇರಲ ಗಾಡಿಗೆ ರಸೂಲಸಾಬರ ಗಟ್ಟಿ ಚಕ್ರ

ಹಳೇ ಹುಬ್ಬಳ್ಳಿಯ ಓಣಿಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತಗಡಿನ ಶೆಡ್ಡಿನ ಮುಂದೆ ನಿಂತ ಪಿಕಪ್ ಗಾಡಿಯೊಳಗೆ ಕೂತು ರಸೂಲಸಾಬ ಕೀಲಿ ತಿರುಗಿಸುತ್ತಾರೆ. ಎಂಜಿನ್ ಒಂದೇ ಏಟಿಗೆ ಹಿಡಿಯುತ್ತದೆ. ಸುತ್ತ ನಿಂತವರ ಮುಖ ಅರಳುವಷ್ಟರಲ್ಲಿ ಗಾಡಿಯ ಹೊಟ್ಟೆಯಿಂದ ಗಡಗಡ ಸಪ್ಪಳ ಶುರು. ಡಬ್ಬಿಯಲ್ಲಿ ಶೇಂಗಾ ಹಾಕಿ ಅಲ್ಲಾಡಿಸಿದಂಥ ಸಪ್ಪಳ. ರಸೂಲಸಾಬ ಎಂಜಿನ್ ಬಂದ್ ಮಾಡಿ ಕೆಳಗಿಳಿಯುತ್ತಾರೆ.

“ಇಳಸಬೇಕ್ರಿ,” ಅನ್ನುತ್ತಾರೆ. “ಗೇರ್ ಬಾಕ್ಸ್ ಮತ್ತ ಇಳಸಬೇಕು.”

ಗಾಡಿಯ ಒಡತಿ ಸಾವಂತ್ರೆವ್ವ ಗಾಬರಿಯಾಗಿ ಮುಂದೆ ಬರುತ್ತಾರೆ. ಅಮ್ಮಿನಬಾವಿಯ ಈ ಹೆಣ್ಣುಮಗಳು ತಮ್ಮ ತೋಟದ ಪೇರಲ ಹಣ್ಣನ್ನು ತಾವೇ ಗಾಡಿ ಹೊಡೆದುಕೊಂಡು ಗೋವಾದ ಮಾರ್ಕೆಟ್ಟಿಗೆ ಒಯ್ಯುವವರು. ಇವತ್ತು ಬೆಳಗ್ಗೆ ಗಾಡಿ ಸಿದ್ಧವಾಗುತ್ತದೆಂಬ ಮಾತು ನಂಬಿ ನಿನ್ನೆಯೇ ಹಣ್ಣು ಕೀಳಿಸಿದ್ದಾರೆ. ಬಾಡಿಗೆ ಟೆಂಪೋದಲ್ಲಿ ತಂದಿಳಿಸಿದ ಕ್ರೇಟುಗಳು ಶೆಡ್ಡಿನ ಮುಂದೆ ಎದೆಮಟ್ಟ ನಿಂತಿವೆ. ಓಣಿಗೆ ಓಣಿಯೇ ಪೇರಲದ ವಾಸನೆ ಹೊಡೆಯುತ್ತಿದೆ.

“ಕಾಕಾ, ಸಪ್ಪಳ ಆದ್ರ ಆಗ್ಲಿ ಬಿಡ್ರಿ. ಗಾಡಿ ಹೊಂಡತೈತಿ ಹೌದಿಲ್ಲೋ? ನಾ ಹಂಗ ಹೊಡಕೊಂಡ ಹೊಕ್ಕೇನಿ.”

“ಹೊಂಡತೈತವ್ವಾ. ಆದ್ರ ಅನಮೋಡ ಘಾಟಿನ್ಯಾಗ ಗೇರ್ ಬಾಕ್ಸ್ ಕೈ ಕೊಟ್ರ ಅಲ್ಲಿ ಯಾರನ್ನ ಕರೀತಿ? ಇಂಥಾ ಗಾಡಿ ನಾ ಕೊಡಾಂಗಿಲ್ಲ.”

ಅಷ್ಟು ಹೇಳಿ ಅವರು ಗಾಡಿಯ ಕೆಳಗೆ ತೂರಿಕೊಳ್ಳುತ್ತಾರೆ. ಹೊರಗೆ ಕಾಣುವುದು ಎರಡು ಪಾದ ಮಾತ್ರ. ರಸೂಲಸಾಬರನ್ನು ಹುಡುಕಿಕೊಂಡು ಬರುವವರಿಗೆ ಬಹುತೇಕ ಅವರ ಪಾದದ ಜೊತೆಗೇ ಮಾತಾಡಿ ರೂಢಿ.

ಅವರ ಕೆಲಸ ಏನೆಂದು ಸ್ವಲ್ಪ ಹೇಳಬೇಕು. ಎಂಜಿನ್ನಿನ ಹಿಂದೆ ಫ್ಲೈವೀಲ್ ಎಂಬ ಭಾರದ ಕಬ್ಬಿಣದ ಚಕ್ರ ಇರುತ್ತದೆ. ಎಂಜಿನ್ನಿನ ಒಂದೊಂದು ಹೊಡೆತವನ್ನೂ ತಾನು ತಾಳಿಕೊಂಡು ಗೇರ್ ಬಾಕ್ಸಿಗೆ ನಯವಾಗಿ ದಾಟಿಸುವುದು ಅದರ ಕೆಲಸ. ಹೊಸ ಕಾಲದ ಗಾಡಿಗಳಲ್ಲಿ ಈ ಚಕ್ರ ಎರಡು ಪದರದ್ದು, ನಡುವೆ ಸ್ಪ್ರಿಂಗು. ಓಡಿಸುವವರಿಗೆ ಭಾಳ ಸುಖ. ಆದರೆ ಲೋಡು ಹೊತ್ತು ಘಾಟು ಹತ್ತಿಳಿಯುವ ಗಾಡಿಯಲ್ಲಿ ಆ ಸ್ಪ್ರಿಂಗುಗಳು ಬೇಗ ಸೋಲುತ್ತವೆ. ಸೋತರೆ ಇಡೀ ಚಕ್ರವನ್ನೇ ಬದಲಿಸಬೇಕು. ಆ ಖರ್ಚು ಕೇಳಿಯೇ ಎಷ್ಟೋ ಜನ ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಿ ಬಿಟ್ಟಿದ್ದಾರೆ.

ರಸೂಲಸಾಬ ಎರಡು ಪದರದ ಚಕ್ರ ತೆಗೆದು ಗಟ್ಟಿ ಕಬ್ಬಿಣದ ಒಂದೇ ಚಕ್ರ ಕೂರಿಸುತ್ತಾರೆ. ಲೇಥಿನಲ್ಲಿ ಅಳತೆಗೆ ಕಡೆಯಿಸಿ, ತೂಕ ಸಮ ಮಾಡಿ, ಹೊಸ ಬೋಲ್ಟು ಬಿಗಿಯುತ್ತಾರೆ. ಹೊಸದಕ್ಕೆ ತಗಲುವ ಖರ್ಚಿನ ಮೂರರಲ್ಲೊಂದು ಪಾಲಿನಲ್ಲಿ ಕೆಲಸ ಮುಗಿಯುತ್ತದೆ. “ಚಕ್ರದಾಗಿನ ಸ್ಪ್ರಿಂಗ್ ತಗದ್ವಿ ಅಂದ್ರ ಆ ಕೆಲಸ ಕ್ಲಚ್ ಪ್ಲೇಟಿಗೆ ಬಂತ್ರಿ,” ಅನ್ನುತ್ತಾರೆ ಅವರು. “ಹೊಡತಾ ಯಾರರೆ ತಿನ್ನಬೇಕಲ್ರಿ?”

ಹುಡುಗರಾಗಿದ್ದಾಗ ಲಾರಿ ಮೆಕ್ಯಾನಿಕ್ ಉಸ್ತಾದರೊಬ್ಬರ ಕೈಕೆಳಗೆ ಸೇರಿದ ರಸೂಲಸಾಬರಿಗೆ ಈಗ ಐವತ್ತೇಳು. ಗಾಡಿ ಎತ್ತುವ ಯಂತ್ರ ಇವರ ಶೆಡ್ಡಿನಲ್ಲಿಲ್ಲ. ಗೇರ್ ಬಾಕ್ಸನ್ನು ಸರಪಳಿಗೆ ಕಟ್ಟಿ ಇಳಿಸಿ, ಕೊನೆಯ ಗೇಣು ಎದೆಯ ಮೇಲೆ ತೆಗೆದುಕೊಳ್ಳುತ್ತಾರೆ. ಬೆನ್ನು ಹಿಡಿದುಕೊಂಡು ಒಂದು ಮಳೆಗಾಲವಿಡೀ ಮಲಗಿದ್ದೂ ಉಂಟು. ದಿನಕ್ಕೆ ಎರಡು, ಹೆಚ್ಚೆಂದರೆ ಮೂರು ಕ್ಲಚ್ಚಿನ ಕೆಲಸ. ಗಟ್ಟಿ ಚಕ್ರ ಹಾಕಿದ್ದು ಇದುವರೆಗೆ ಕಾರುಗಳಿಗೆ ಮಾತ್ರ. ಲೋಡು ಹೊರುವ ಗಾಡಿಗೆ ಹಾಕಿದ್ದು ಇದೇ ಮೊದಲು, ಸಾವಂತ್ರೆವ್ವನವರ ಈ ಪಿಕಪ್ಪಿಗೆ.

ಅದಕ್ಕೇ ಇಷ್ಟು ಮಂದಿ ಸೇರಿರುವುದು. ಪಿಕಪ್ ಸ್ಟ್ಯಾಂಡಿನ ಚಾಲಕರೆಲ್ಲ ಬೆಳಗಿನ ಚಹಾ ಬಿಟ್ಟು ಇಲ್ಲಿಗೆ ಬಂದಿದ್ದಾರೆ. ಅವರಲ್ಲಿ ಇಸ್ತಿಯಾಕ ಎಲ್ಲರಿಗಿಂತ ಮುಂದೆ. ಅವನ ಗಾಡಿಗೂ ಇದೇ ರೋಗ, ತಿಂಗಳಿಂದ ನಿಂತಿದೆ. “ಕಾರಿಗೆ ನಡೀತೈತ್ರಿ, ಲೋಡ್ ಗಾಡಿಗೆ ಆಗೂದಲ್ಲ ಅಂತ ಮೊದ್ಲ ಹೇಳಿದ್ದೆ,” ಎಂದು ಅವನು ಪಕ್ಕದವನ ಕಿವಿಯಲ್ಲಿ ಹೇಳುತ್ತಾನೆ. ಗಾಡಿಯ ಕೆಳಗಿದ್ದವರಿಗೂ ಅದು ಕೇಳಿಸುತ್ತದೆ. ಈ ಗಾಡಿ ಸೋತರೆ ಆ ಸ್ಟ್ಯಾಂಡಿನಿಂದ ಇನ್ನೊಂದು ಗಾಡಿ ತಮ್ಮ ಬಾಗಿಲಿಗೆ ಬರುವುದಿಲ್ಲ ಎಂದು ರಸೂಲಸಾಬರಿಗೆ ಗೊತ್ತಿದೆ. ಆದರೂ ಬೋಲ್ಟು ಬಿಚ್ಚುವ ಪಾನಾ ಹಿಡಿದ ಕೈ ತನ್ನ ಪಾಡಿಗೆ ತಾನು ನಡೆದಿದೆ.

ಗೇರ್ ಬಾಕ್ಸ್ ಇಳಿಯುತ್ತದೆ, ಚಕ್ರಕ್ಕೆ ಒತ್ತಿ ಕೂರುವ ಕ್ಲಚ್ ಪ್ಲೇಟು ಹೊರಬರುತ್ತದೆ. ಅದರಲ್ಲಿ ಸ್ಪ್ರಿಂಗುಗಳಿವೆ, ಆದರೆ ಗಿಡ್ಡ. ಈ ಎಂಜಿನ್ನಿನ ಹೊಡೆತಕ್ಕೆ ಬೇಕಾದಷ್ಟು ಕುಗ್ಗುವುದಿಲ್ಲ, ಸಪ್ಪಳ ಅದರದ್ದೇ. ಸೊಸೆ ಹುಮಾ ಅಟ್ಟದಿಂದ ಹಳೆಯ ಲಾರಿಯ ಪ್ಲೇಟೊಂದನ್ನು ಇಳಿಸಿ ತರುತ್ತಾರೆ. ಅದರ ಸ್ಪ್ರಿಂಗು ಉದ್ದ, ಅಳತೆಯೂ ಹಲ್ಲುಗಳೂ ಈ ಗಾಡಿಗೆ ಹೊಂದುತ್ತವೆ. ಸವೆದದ್ದು ಚಕ್ರಕ್ಕೆ ಉಜ್ಜುವ ಮೇಲಿನ ಪದರ, ಲೈನಿಂಗ್ ಅಷ್ಟೆ. ಹೊಸ ಲೈನಿಂಗ್ ಇಟ್ಟು ರಿವೆಟ್ ಹೊಡೆಯುವುದು ಈ ಮನೆಯಲ್ಲಿ ಹುಮಾರ ಕೆಲಸ.

“ಎಷ್ಟೊತ್ತ ಆಗ್ತೈತಿ, ತಂಗಿ?” ಎಂದು ಸಾವಂತ್ರೆವ್ವ ಕೇಳುತ್ತಾರೆ.

“ಮಧ್ಯಾಹ್ನ ಆಗಬಹುದು, ಅಕ್ಕಾ. ಗಡಿಬಿಡಿ ಮಾಡಿದ್ರ ರಿವೆಟ್ ಸೀಳತೈತಿ.”

ಮಧ್ಯಾಹ್ನದವರೆಗೆ ಹಣ್ಣು ಸುಮ್ಮನೆ ಕೂರುವುದಿಲ್ಲ, ಮೆತ್ತಗಾಗುತ್ತದೆ. ಸಾವಂತ್ರೆವ್ವ ಕ್ರೇಟುಗಳನ್ನು ಒಮ್ಮೆ, ಸೇರಿದ ಮಂದಿಯನ್ನು ಒಮ್ಮೆ ನೋಡುತ್ತಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇಲಿನ ಕ್ರೇಟು ಕೆಳಗಿಳಿಸುತ್ತಾರೆ.

“ಬರ್ರಿ, ಬರ್ರಿ! ಅಮ್ಮಿನಬಾವಿ ಪೇರಲ! ಪುಕ್ಕಟೆ ನಿಂತ ನೋಡಬ್ಯಾಡ್ರಿ, ತಗೊಂಡ ತಿನ್ಕೋತ ನೋಡ್ರಿ!”

ಚಾಲಕರು ನಗುತ್ತಾ ಜೇಬಿಗೆ ಕೈ ಹಾಕುತ್ತಾರೆ. ಓಣಿಯ ಹೆಂಗಸರು ಬುಟ್ಟಿ ತರುತ್ತಾರೆ, ಶಾಲೆಗೆ ಹೊರಟ ಮಕ್ಕಳು ದಾರಿ ಬಿಟ್ಟು ಬರುತ್ತಾರೆ. ಒಳಗೆ ಹುಮಾರ ಸುತ್ತಿಗೆ ಟಕ್ ಟಕ್, ಹೊರಗೆ ಸಾವಂತ್ರೆವ್ವನವರ ತಕ್ಕಡಿ. ಬಿಸಿಲೇರುವ ಹೊತ್ತಿಗೆ ಅರ್ಧ ಹಣ್ಣು ಖಾಲಿ! ಶೆಡ್ಡಿನಲ್ಲಿ ಇಷ್ಟು ಜಾತ್ರೆ ರಸೂಲಸಾಬರು ಯಾವತ್ತೂ ಕಂಡಿಲ್ಲ.

ಗೇರ್ ಬಾಕ್ಸ್ ಮೇಲೇರುತ್ತದೆ. ರಸೂಲಸಾಬ ಮತ್ತೆ ಕೀಲಿ ತಿರುಗಿಸುತ್ತಾರೆ. ಎಲ್ಲರೂ ಕಿವಿಗೊಡುತ್ತಾರೆ. ಎಂಜಿನ್ನಿನ ಗುರ್ ಬಿಟ್ಟರೆ ಬೇರೇನೂ ಇಲ್ಲ. ಸಾವಂತ್ರೆವ್ವ ಚಪ್ಪಾಳೆ ತಟ್ಟುತ್ತಾರೆ.

“ನಿಂತ ಗಾಡಿ ಏನ ಸಪ್ಪಳ ಮಾಡತೈತ್ರಿ?” ಎಂದು ಇಸ್ತಿಯಾಕ ತಡೆಯುತ್ತಾನೆ. “ಲೋಡ್ ಹಾಕಿ ಏರು ಹತ್ತಸ್ರಿ, ಆಗ ಒಪ್ಪತೇನಿ.”

ಅವನ ಮಾತು ಖರೇ. ಆದರೆ ಅರ್ಧ ಲೋಡು ಮಾರಿಹೋಗಿದೆ. ರಸೂಲಸಾಬ ತಲೆ ಕೆರೆದುಕೊಳ್ಳುತ್ತಾರೆ. ದಾರಿ ಹೊಳೆಯುವುದು ಸಾವಂತ್ರೆವ್ವನವರಿಗೆ.

“ಲೋಡ್ ಎಲ್ಲಿ ಹೋಗೇತಿ? ನಿಮ್ಮ ಹೊಟ್ಟ್ಯಾಗ ಐತಿ! ಪೇರಲ ತಿಂದಾವ್ರೆಲ್ಲಾ ಹತ್ರಿ ಗಾಡಿ!”

ಓಣಿಗೆ ಓಣಿಯೇ ನಗುತ್ತದೆ. ಉಳಿದ ಕ್ರೇಟುಗಳನ್ನು ಗಾಡಿಗೆ ಏರಿಸಿ, ಅವುಗಳ ಹಿಂದೆ ಚಾಲಕರು ಒಬ್ಬರ ಮೇಲೊಬ್ಬರು ಹತ್ತುತ್ತಾರೆ. ಇಸ್ತಿಯಾಕನನ್ನು ನಾಲ್ಕು ಜನ ಎಳೆದು ಹಾಕುತ್ತಾರೆ. ಗಾಡಿಯ ಹಿಂಬದಿ ತಗ್ಗಿ ಕೂರುತ್ತದೆ. ಸ್ಟೇರಿಂಗ್ ಸಾವಂತ್ರೆವ್ವನವರದು. ಪಕ್ಕದಲ್ಲಿ ರಸೂಲಸಾಬ ಕೂರುತ್ತಾರೆ.

ನೃಪತುಂಗ ಬೆಟ್ಟದ ಕಡೆಯ ಏರು ಬರುತ್ತದೆ. ನಡುಏರಿನಲ್ಲಿ ರಸೂಲಸಾಬ ಕೈ ಎತ್ತುತ್ತಾರೆ. “ಇಲ್ಲೆ ನಿಂದರಸವ್ವಾ.” ಗಾಡಿ ನಿಲ್ಲುತ್ತದೆ. ಕ್ಲಚ್ಚಿಗೆ ನಿಜವಾದ ಪರೀಕ್ಷೆ ಇದೇ, ಏರಿನಲ್ಲಿ ನಿಂತು ಲೋಡು ಸಮೇತ ಮತ್ತೆ ಹೊರಡುವುದು. “ಸಾವಕಾಶ ಬಿಡು. ಇನ್ನೂ ಸಾವಕಾಶ.” ಸಾವಂತ್ರೆವ್ವ ಕಾಲು ಸಡಿಲಿಸುತ್ತಾರೆ. ನಡುಕವಿಲ್ಲ, ಜಗ್ಗಾಟವಿಲ್ಲ. ಗಾಡಿ ಹಿಡಿಯಿತು, ಎಳೆಯಿತು, ಹೊರಟೇಬಿಟ್ಟಿತು! ಹಿಂದಿದ್ದವರು ಕ್ಯಾಬಿನ್ನಿನ ಮೇಲೆ ದಬದಬ ಬಡಿದು ಕೂಗುತ್ತಾರೆ. ರಸೂಲಸಾಬರ ಕಣ್ಣು ತುಂಬಿ ಬರುತ್ತದೆ. ಅವರು ಕಿಟಕಿಯಾಚೆ ಮುಖ ಮಾಡುತ್ತಾರೆ.

ಏರಿನ ತುದಿಯಲ್ಲಿ ಸಾವಂತ್ರೆವ್ವ ಗಾಡಿ ನಿಲ್ಲಿಸಿ ಎಲ್ಲರನ್ನೂ ಇಳಿಸುತ್ತಾರೆ. “ಉಳದಿದ್ದು ತಗೊಂಡ ನಾ ಹಿಂಗ ಗೋವಾಕ್ಕ ಹೊಂಟೆ. ನೀವು ನಡಕೊಂಡ ಹೋಗ್ರಿ, ತಿಂದಿದ್ದು ಕರಗತೈತಿ.” ಮಂದಿಯೆಲ್ಲ ನಗುತ್ತಾ ನೋಡುತ್ತಿರುವಂತೆ ಗಾಡಿ ತಿರುವು ದಾಟುತ್ತದೆ.

ಇಸ್ತಿಯಾಕ ರಸೂಲಸಾಬರ ಪಕ್ಕಕ್ಕೆ ಬಂದು ನಿಲ್ಲುತ್ತಾನೆ. “ಕಾಕಾ, ಒಂದ ಚೂರು ಸಪ್ಪಳ ಕೇಳಸ್ಲಿಲ್ಲಲ್ರಿ. ನನ್ನ ಗಾಡಿ ಯಾವಾಗ ತರ್ಲಿ?”

ರಸೂಲಸಾಬ ಕೈಯ ಗ್ರೀಸನ್ನು ಅಂಗಿಗೆ ಒರೆಸಿಕೊಳ್ಳುತ್ತಾರೆ.

“ನಾಳೆ ತಗೊಂಡ ಬಾ,” ಅನ್ನುತ್ತಾರೆ. “ಖಾಲಿ ತರಬ್ಯಾಡ ಮತ್ತ. ಲೋಡ್ ಹಾಕ್ಕೊಂಡ ಬಾ.”